ಸತ್ತಂ ಬಂದರೆ ಇಂಜಿನ್ ಸತ್ತಂತಲ್ಲ



ಚೆನ್ನೈಗೆ ಹೊಸದಾಗಿ ಬಂದ ಕನ್ನಡಿಗರನ್ನು ಬೆಚ್ಚಿಬೀಳಿಸುವ ತಮಿಳು ಪದಗಳಲ್ಲಿ ‘ಸತ್ತಂ’ ಎನ್ನುವುದೂ ಒಂದು. ಪಕ್ಕದ ಮನೆಯವರು “ರಾತ್ರಿ ಪೂರಾ ಒರೇ ಸತ್ತಂ” ಎಂದರೆ, ಪಾಪ, ಯಾರು ತೀರಿಕೊಂಡರೋ ಎಂದು ನಾವು ಮುಖ ಸಪ್ಪೆ ಮಾಡಿಕೊಳ್ಳುತ್ತೇವೆ. ಅವರು ಹೇಳಿದ್ದು ಬರೀ ಸದ್ದುಗದ್ದಲದ ವಿಷಯ. ಇಷ್ಟು ವರ್ಷ ಈ ಊರಿನಲ್ಲಿದ್ದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಮೇಸ್ತ್ರಿ ನನ್ನ ಕಾರಿನ ಬಾನೆಟ್ ಎತ್ತಿ, ಅರ್ಧ ನಿಮಿಷ ಕಿವಿಗೊಟ್ಟು, “ಇಂಜಿನ್ ಸತ್ತಂ ಸಾರ್” ಎಂದಾಗ ನನ್ನ ಎದೆ ಧಸಕ್ಕೆಂದಿತು. ಆ ಕ್ಷಣ ನನಗೆ ಕೇಳಿಸಿದ್ದು ಕನ್ನಡದ ಅರ್ಥವೇ.

ಟೈಮಿಂಗ್ ಚೈನ್ ಸಡಿಲವಾಗಿದೆ, ಇಂಜಿನ್ ಇಳಿಸಬೇಕು, ಒಟ್ಟು 48 ಸಾವಿರ ಆಗುತ್ತದೆ, ಮುಂಗಡ ಹತ್ತು ಸಾವಿರ ಕೊಟ್ಟು ಹೋಗಿ ಎಂದರು. ಕಾರಿಗೆ ಹನ್ನೊಂದು ವರ್ಷ ವಯಸ್ಸು. ಮೈಸೂರಿನಲ್ಲಿ ನಾದಿನಿಯ ಮಗಳ ಮದುವೆಗೆ ಹತ್ತೇ ದಿನ ಬಾಕಿ. ಉಡುಗೊರೆಗೆಂದು ಎತ್ತಿಟ್ಟಿದ್ದ ಹಣ ಹೆಚ್ಚುಕಮ್ಮಿ ಅಷ್ಟೇ ಇತ್ತು. “ಚೈನ್ ಅಂತ ಹೇಗೆ ಗೊತ್ತಾಯ್ತು?” ಎಂದು ಕೇಳಿದೆ. “ಸತ್ತಂ ಕೇಕ್ಕುದಾ ಸಾರ್?” ಎಂದು ತಿರುಗಿ ನನ್ನನ್ನೇ ಕೇಳಿದರು. ಕೇಳುತ್ತಿತ್ತು, ನಿಜ. ಆದರೆ ಸದ್ದು ಕೇಳುವುದು ಬೇರೆ, ಸದ್ದಿನ ಕಾರಣ ತಿಳಿಯುವುದು ಬೇರೆ. ನಾಳೆ ಬರುತ್ತೇನೆಂದು ಹೇಳಿ ಮನೆಗೆ ಬಂದೆ. ಆ ಕಾರಿಗೆ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಈ ಲೇಖನದ ಉದ್ದೇಶ ನಿಮ್ಮನ್ನು ಮೆಕ್ಯಾನಿಕ್ ಮಾಡುವುದಲ್ಲ. ಡಾಕ್ಟರ ಬಳಿ ಹೋದಾಗ “ಹೊಟ್ಟೆನೋವು” ಎಂದಷ್ಟೇ ಹೇಳದೆ, ಎಲ್ಲಿ ನೋವು, ಯಾವಾಗ ಬರುತ್ತದೆ, ಊಟದ ಮುಂಚೆಯೋ ನಂತರವೋ ಎಂದು ನಾವು ಹೇಳುತ್ತೇವಲ್ಲ, ಕಾರಿನ ವಿಷಯದಲ್ಲೂ ಅಷ್ಟು ಮಾಡಿದರೆ ಸಾಕು. ಅನೇಕ ದುಬಾರಿ ಬಿಲ್ಲುಗಳು ಅಲ್ಲಿಯೇ ನಿಂತುಬಿಡುತ್ತವೆ.

ಮೊದಲು ಕೆಂಪು ದೀಪ

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆಯ ಮಾತು. ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಕಾಲದ ಎಣ್ಣೆ ಗಿಂಡಿಯಂಥ ಕೆಂಪು ದೀಪವೊಂದಿದೆ. ಅದು ಇಂಜಿನ್ ಆಯಿಲ್ ಒತ್ತಡದ ದೀಪ. ಕೀಲಿ ತಿರುಗಿಸಿದಾಗ ಹತ್ತಿ, ಇಂಜಿನ್ ಶುರುವಾದ ಒಂದೆರಡು ಸೆಕೆಂಡಿನಲ್ಲಿ ಆರಬೇಕು. ಓಡುವಾಗ ಅದು ಹತ್ತಿದರೆ, ಸದ್ದು ಇರಲಿ ಬಿಡಲಿ, ಕಾರನ್ನು ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿಬಿಡಿ. ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಎಂದುಕೊಂಡು ಓಡಿಸಬೇಡಿ.

ನಮ್ಮ ಪರಿಚಿತರೊಬ್ಬರು ಬೆಂಗಳೂರಿನಿಂದ ವಾಪಸು ಬರುವಾಗ ಆಂಬೂರಿನ ಬಳಿ ಈ ದೀಪ ಹತ್ತಿತು. ಜೊತೆಗೆ ಕೆಳಗಿನಿಂದ ಏನೋ ಕುಟ್ಟುವ ಸದ್ದು. ವೆಲ್ಲೂರು ಇನ್ನು 50 ಕಿಲೋಮೀಟರ್ ತಾನೇ ಎಂದು ಮುಂದುವರಿದರು. ವೆಲ್ಲೂರು ಮುಟ್ಟುವ ಮೊದಲೇ ಇಂಜಿನ್ ಬಿಗಿದುಕೊಂಡು ನಿಂತಿತು. ಇಂಜಿನ್ನಿನೊಳಗೆ ಬೇರಿಂಗಿಗೂ ಕ್ರ್ಯಾಂಕ್ ಶಾಫ್ಟಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಅದು ಹೋದರೆ ಲೋಹಕ್ಕೆ ಲೋಹ ತಾಗುತ್ತದೆ, ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅಲ್ಲಿಯೇ ನಿಂತು ಗಾಡಿ ಎಳೆಸಿಕೊಂಡು ಹೋಗಿದ್ದರೆ ಖರ್ಚು ಅದರ ಒಂದು ಭಾಗವಾಗುತ್ತಿತ್ತು.

ಹಳದಿ ಬಣ್ಣದ ‘ಚೆಕ್ ಇಂಜಿನ್’ ದೀಪ ಬೇರೆ. ಅದು ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಆಗ ದೂರ ಓಡಿಸಿದರೆ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋದೀತು. ಅದು ಅಗ್ಗದ ಭಾಗವಲ್ಲ.

ರೇಡಿಯೋ ಆರಿಸಿ, ನಾಲ್ಕು ಪ್ರಶ್ನೆ ಕೇಳಿ

ರೇಡಿಯೋದವರೇ ಹೀಗೆ ಹೇಳುವುದು ವಿಚಿತ್ರ. ಆದರೂ ಒಂದು ದಿನ ನಮ್ಮ ಕಾರ್ಯಕ್ರಮವನ್ನೂ ಆರಿಸಿ, ಎ.ಸಿ. ಫ್ಯಾನನ್ನೂ ನಿಲ್ಲಿಸಿ, ಕಿಟಕಿ ಇಳಿಸಿ. ಒಂದು ಚೀಟಿಯಲ್ಲಿ ಈ ನಾಲ್ಕಕ್ಕೆ ಉತ್ತರ ಬರೆಯಿರಿ.

1. ಯಾವಾಗ ಬರುತ್ತದೆ? ಬೆಳಗ್ಗೆ ತಣ್ಣಗಿರುವಾಗ ಮಾತ್ರವೋ, ಬಿಸಿಯಾದ ಮೇಲೋ, ಯಾವಾಗಲೂವೋ?

2. ಯಾವುದರ ಜೊತೆ ಬದಲಾಗುತ್ತದೆ? ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೆ ಸದ್ದಿನ ವೇಗ ಏರಿದರೆ ಅದು ಇಂಜಿನ್‌ಗೆ ಸೇರಿದ್ದು. ಇಂಜಿನ್ ವೇಗಕ್ಕೆ ಸಂಬಂಧವಿಲ್ಲದೆ ಕಾರು ಓಡಿದಾಗ ಮಾತ್ರ ಬಂದರೆ ಚಕ್ರ, ಬ್ರೇಕ್, ಸಸ್ಪೆನ್ಷನ್ ಕಡೆ ನೋಡಬೇಕು. ಹೊಂಡಕ್ಕೆ ಬಿದ್ದಾಗ ಮಾತ್ರ ಬಂದರೆ ಅದಕ್ಕಾಗಿ ಇಂಜಿನ್ ಬಿಚ್ಚುವ ಮಾತೇ ಇಲ್ಲ.

3. ಯಾವುದನ್ನು ಮಾಡಿದರೆ ನಿಲ್ಲುತ್ತದೆ? ಎ.ಸಿ. ಆರಿಸಿದಾಗಲೋ, ಕ್ಲಚ್ ಒತ್ತಿದಾಗಲೋ, ಗೇರಿನಿಂದ ನ್ಯೂಟ್ರಲ್‌ಗೆ ತಂದಾಗಲೋ?

4. ಎಲ್ಲಿಂದ ಬರುತ್ತದೆ? ಮೇಲಿನಿಂದಲೋ, ಕೆಳಗಿನಿಂದಲೋ, ಬೆಲ್ಟ್ ಇರುವ ಬದಿಯಿಂದಲೋ, ಸೈಲೆನ್ಸರ್ ಕಡೆಯಿಂದಲೋ?

ಮನೆಯ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಓಡಿಸುವವರ ಕಿವಿಗಿಂತ ಪಕ್ಕದಲ್ಲಿ ಕೂತವರ ಕಿವಿ ಚುರುಕು. ನನ್ನ ಕಾರಿನ ಸದ್ದಿನ ಗುಟ್ಟನ್ನು ಮೊದಲು ಹಿಡಿದದ್ದು ನನ್ನಾಕೆ. “ಎ.ಸಿ. ಇದ್ರೂ ಇಲ್ದಿದ್ರೂ ಒಂದೇ ಕಣ್ರೀ. ಸಿಗ್ನಲ್‌ನಲ್ಲಿ ನಿಂತಾಗ ಬರುತ್ತೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ರೆ ಮಾಯ” ಎಂದಳು. ಮೊಬೈಲ್‌ನಲ್ಲಿ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುವುದೂ ಒಳ್ಳೆಯದು. ಗ್ಯಾರೇಜಿಗೆ ಹೋದ ಕೂಡಲೇ ಸದ್ದು ನಿಂತುಬಿಡುವುದು ಎಲ್ಲರ ಅನುಭವ.

ಹೀಗೆ ಪರೀಕ್ಷಿಸುವಾಗ ಹ್ಯಾಂಡ್‌ಬ್ರೇಕ್ ಹಾಕಿರಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ, ಹೊಗೆ ಪ್ರಾಣಕ್ಕೆ ಅಪಾಯ. ಸೆರಗು, ದುಪಟ್ಟಾ, ಪಂಚೆಯ ತುದಿ ಬೆಲ್ಟಿನ ಹತ್ತಿರ ಹೋಗದಿರಲಿ. ಇಂಜಿನ್ ಆರಿದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು. ಜ್ಯಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಎಂದೂ ತಲೆ ಹಾಕಬೇಡಿ.

ಎರಡು ನಿಮಿಷದ ಆಯಿಲ್ ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಡಿ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ತೂರಿಸಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ಸದ್ದಿನ ಕಾರಣ ಅಲ್ಲಿಯೇ ಸಿಕ್ಕಿರಬಹುದು. ಟ್ಯಾಪೆಟ್ಟಿಗೂ ಚೈನ್ ಟೆನ್ಷನರಿಗೂ ಆಯಿಲ್ ಸಾಲದಿದ್ದರೆ ಅವು ಕಟಕಟ ಎನ್ನುತ್ತವೆ. ಸರಿಯಾದ ಆಯಿಲ್ ತುಂಬಿದ ಮೇಲೂ ಸದ್ದು ಉಳಿದರೆ ಮಾತ್ರ ಮುಂದಿನ ಮಾತು. ಆಯಿಲ್ ಎಲ್ಲಿಗೆ ಹೋಯಿತು, ಸೋರಿತೋ ಸುಟ್ಟಿತೋ ಎಂಬುದನ್ನೂ ನೋಡಬೇಕು.

ಕಡ್ಡಿಯ ಮೇಲಿನ ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ, ಓಡಿದ ಆಯಿಲ್ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಸೇರಿದೆ. ಬೆಳಕಿಗೆ ಹಿಡಿದಾಗ ಅಭ್ರಕದ ಪುಡಿಯಂತೆ ಮಿನುಗಿದರೆ ಲೋಹ ಸವೆಯುತ್ತಿದೆ. ಈ ಕೊನೆಯ ಎರಡರಲ್ಲಿ ಯಾವುದಿದ್ದರೂ ಕಾರು ಓಡಿಸಬೇಡಿ.

ಆಯಿಲ್‌ನ ದರ್ಜೆಯೂ ಮುಖ್ಯ. ಈಗಿನ ಹಲವು ಪೆಟ್ರೋಲ್ ಇಂಜಿನ್‌ಗಳಿಗೆ ಕಂಪನಿ ಹೇಳುವುದು 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ರೀತಿಯ ತೆಳು ಆಯಿಲ್. ಹಳೆಯ ಇಂಜಿನ್‌ಗಳ ಕಾಲದ 20ಡಬ್ಲ್ಯು-40 ಇವುಗಳಿಗೆ ಬಲು ಮಂದ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅದು ಮೇಲಕ್ಕೆ ಏರುವುದು ತಡವಾಗುತ್ತದೆ, ಅಷ್ಟು ಹೊತ್ತು ಸದ್ದು ಬರುತ್ತದೆ. ಕಳೆದ ಸರ್ವಿಸಿನಲ್ಲಿ ಯಾವ ಆಯಿಲ್ ಹಾಕಿದರು ಎಂದು ಬಿಲ್ ತೆಗೆದು ನೋಡಿ, ಕಾರಿನ ಜೊತೆ ಬಂದ ಪುಸ್ತಕಕ್ಕೆ ಹೋಲಿಸಿ. ಸರ್ವಿಸ್ ಆದ ಮರುದಿನವೇ ಸದ್ದು ಶುರುವಾಗಿದ್ದರೆ ಮೊದಲ ಅನುಮಾನ ಆಯಿಲ್ ಮತ್ತು ಫಿಲ್ಟರ್ ಮೇಲಿರಲಿ.

ಒಂದೊಂದು ಸದ್ದಿಗೂ ಒಂದೊಂದು ಚಹರೆ

ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಅಲ್ಲಾಡಿಸಿದ ಹಾಗೆ: ಸೈಲೆನ್ಸರ್ ಕೊಳವೆಯ ಬಿಸಿ ಸುತ್ತಲಿನ ಭಾಗಕ್ಕೆ ತಾಗದಿರಲೆಂದು ಅದರ ಮೇಲೆ ತೆಳು ತಗಡಿನ ಕವಚ ಇರುತ್ತದೆ. ಇದಕ್ಕೆ ಹೀಟ್ ಶೀಲ್ಡ್ ಎನ್ನುತ್ತಾರೆ. ಬೋಲ್ಟ್ ತುಕ್ಕು ಹಿಡಿದು ಸಡಿಲವಾದರೆ ಈ ತಗಡು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಗಿ ಗಲಗಲ ಎನ್ನುತ್ತದೆ, ವೇಗ ಸ್ವಲ್ಪ ಬದಲಾದರೆ ನಿಲ್ಲುತ್ತದೆ. ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ತುಕ್ಕು ಬೇಗ. ಕೇಳಲು ಇದು ಭಯಂಕರ, ಸರಿಪಡಿಸಲು ಬಲು ಅಗ್ಗ. ಪರೀಕ್ಷೆ ಸುಲಭ: ಕಾರು ಪೂರ್ತಿ ತಣ್ಣಗಾದ ಮೇಲೆ ತಗಡನ್ನು ಬೆರಳಿನಿಂದ ತಟ್ಟಿ ನೋಡುವುದು. ಕ್ಯಾಟಲಿಟಿಕ್ ಕನ್ವರ್ಟರನ್ನೂ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ. ಒಳಗಿನ ಜೇನುಗೂಡಿನಂಥ ಭಾಗ ಒಡೆದಿದ್ದರೆ ಅದೂ ಹೀಗೇ ಗಲಗಲಿಸುತ್ತದೆ.

ಇದೇ ಜಾತಿಯವು ಇನ್ನೂ ಕೆಲವಿವೆ. ಬ್ಯಾಟರಿಯ ಕ್ಲ್ಯಾಂಪ್, ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ, ನಂಬರ್ ಪ್ಲೇಟ್, ಸ್ಪೀಡ್ ಬ್ರೇಕರಿಗೆ ತಾಗಿ ಕಿತ್ತುಬಂದ ಅಡಿಯ ಪ್ಲಾಸ್ಟಿಕ್ ಹೊದಿಕೆ. ಅಪಾರ್ಟ್‌ಮೆಂಟಿನ ಕೆಳಗೆ ನಿಂತ ಕಾರಿನೊಳಗೆ ಇಲಿ ತಂದಿಟ್ಟ ಸಾಮಾನೂ ಇರಬಹುದು. ಬಾನೆಟ್ ತೆಗೆದು ಒಂದೊಂದನ್ನೂ ಕೈಯಿಂದ ಅಲ್ಲಾಡಿಸಿ ನೋಡಲು ಐದು ನಿಮಿಷ ಸಾಕು.

ಎ.ಸಿ. ಜೊತೆ ಬಂದು ಎ.ಸಿ. ಜೊತೆ ಹೋಗುವ ಗರಗರ: ಇದು ಕಂಪ್ರೆಸರ್ ಅಥವಾ ಅದರ ಕ್ಲಚ್ಚಿನದು. ನಮ್ಮ ಊರಿನಲ್ಲಿ ವರ್ಷವಿಡೀ ಎ.ಸಿ. ಹಾಕಿರುತ್ತೇವೆ, ಹಾಗಾಗಿ ಇದನ್ನು ಇಂಜಿನ್ ಸದ್ದೆಂದೇ ತಿಳಿಯುತ್ತೇವೆ. ಎ.ಸಿ. ಆರಿಸಿದರೂ ಬೆಲ್ಟ್ ಬದಿಯಿಂದ ಸದ್ದು ಬರುತ್ತಿದ್ದರೆ ಆಲ್ಟರ್ನೇಟರ್, ವಾಟರ್ ಪಂಪ್, ಬೆಲ್ಟ್ ಬಿಗಿಹಿಡಿಯುವ ರಾಟೆ ಇವುಗಳ ಬೇರಿಂಗ್ ಇರಬಹುದು. ಮೆಕ್ಯಾನಿಕ್ ಹೊರಗಿನ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಇಂಜಿನ್ ಓಡಿಸಿದರೆ ಸಾಕು. ಸದ್ದು ನಿಂತರೆ ದೋಷ ಇಂಜಿನ್ನಿನ ಹೊರಗಿದೆ ಎಂದು ಖಚಿತ. ಇಷ್ಟು ಸರಳ ಪರೀಕ್ಷೆಯನ್ನು ಎಷ್ಟೋ ಕಡೆ ಮಾಡುವುದೇ ಇಲ್ಲ, ನಾವು ಕೇಳಿ ಮಾಡಿಸಬೇಕು.

ಕ್ಲಚ್ ಜೊತೆ ಬದಲಾಗುವ ಸದ್ದು: ನ್ಯೂಟ್ರಲ್‌ನಲ್ಲಿ ನಿಂತಾಗ ಬಂದು, ಕ್ಲಚ್ ಒತ್ತಿದರೆ ಹೋದರೆ ಗೇರ್‌ಬಾಕ್ಸ್ ಬೇರಿಂಗ್. ಕ್ಲಚ್ ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಎರಡೂ ಪುಕ್ಕಟೆ ಕೆಲಸವಲ್ಲ, ಆದರೆ ಇಂಜಿನ್ ಬಿಚ್ಚುವ ಕೆಲಸವೂ ಅಲ್ಲ. ಸ್ಟಾರ್ಟ್ ಮಾಡುವಾಗ, ಆರಿಸುವಾಗ ಮಾತ್ರ ಒಮ್ಮೆ ‘ಧಡ್’ ಎಂದರೆ ಇಂಜಿನ್ ಕೂರಿಸಿದ ರಬ್ಬರ್ ಮೌಂಟಿಂಗ್ ಸವೆದಿರಬಹುದು.

ಹೊಲಿಗೆ ಯಂತ್ರದ ಟಿಕ್ ಟಿಕ್: ಇದು ಇಂಜಿನ್ನಿನ ಮೇಲ್ಭಾಗದ ಟ್ಯಾಪೆಟ್ ಸದ್ದು. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್, ಕ್ರ್ಯಾಂಕ್ ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಆದ್ದರಿಂದ ಈ ಸದ್ದು ಇಂಜಿನ್ ವೇಗಕ್ಕಿಂತ ನಿಧಾನವಾಗಿ ಕೇಳುತ್ತದೆ. ಆಯಿಲ್ ಸರಿಯಿದ್ದೂ ಬರುತ್ತಿದ್ದರೆ, ಹೊಂದಿಸುವ ಅವಕಾಶವಿರುವ ಇಂಜಿನ್‌ಗಳಲ್ಲಿ ಟ್ಯಾಪೆಟ್ ಅಂತರ ಹೊಂದಿಸುತ್ತಾರೆ. ಕೆಲವು ಹೊಸ ಇಂಜಿನ್‌ಗಳಲ್ಲಿ ಇಂಜೆಕ್ಟರುಗಳೇ ಸಹಜವಾಗಿ ಟಿಕ್ ಟಿಕ್ ಎನ್ನುತ್ತವೆ. ಇಂಜಿನ್ ಆರಿಸಿದ ಮೇಲೆ ಬರುವ ಟಿಕ್ ಟಿಕ್ ಅಂತೂ ಬಿಸಿ ಲೋಹ ತಣಿಯುವ ಸದ್ದು, ಅದಕ್ಕೆ ಮದ್ದು ಬೇಡ.

ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಸರಪಳಿ ಎಳೆದ ಹಾಗೆ: ಇದು ಟೈಮಿಂಗ್ ಚೈನ್ ಸದ್ದಿರಬಹುದು. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಅನೇಕ ಇಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಒಂದು ಸೆಕೆಂಡಿನಲ್ಲಿ ನಿಂತರೆ ಆಯಿಲ್ ಮತ್ತು ಫಿಲ್ಟರ್ ನೋಡಿ. ದಿನದಿಂದ ದಿನಕ್ಕೆ ಹೊತ್ತು ಹೆಚ್ಚಾದರೆ ಅಸಡ್ಡೆ ಮಾಡಬೇಡಿ. ಚೈನ್ ಹಲ್ಲು ತಪ್ಪಿದರೆ ವಾಲ್ವುಗಳು ಪಿಸ್ಟನ್‌ಗೆ ಬಡಿಯಬಹುದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಎಲ್ಲ ಕಾರುಗಳಲ್ಲೂ ಚೈನ್ ಇರುವುದಿಲ್ಲ. ಮಾರುತಿ 800, ಮೊದಲ ಸ್ಯಾಂಟ್ರೋಗಳಲ್ಲಿ ಇದ್ದದ್ದು ರಬ್ಬರಿನ ಟೈಮಿಂಗ್ ಬೆಲ್ಟ್. ಮಾರುತಿಯ ಕೆ-ಸರಣಿಯ ಇಂಜಿನ್, ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಇಂಜಿನ್‌ಗಳಲ್ಲಿ ಚೈನ್. ನಿಮ್ಮದರಲ್ಲಿ ಯಾವುದಿದೆ ಎಂದು ಮೊದಲೇ ತಿಳಿದಿರಲಿ. ಬೆಲ್ಟ್ ಸಾಮಾನ್ಯವಾಗಿ ಸದ್ದು ಮಾಡದೆಯೇ ಹರಿಯುತ್ತದೆ, ಅದನ್ನು ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಲೇಬೇಕು.

ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ: ಕತ್ತಿಪಾರ ಮೇಲ್ಸೇತುವೆಯನ್ನು ಮೇಲಿನ ಗೇರಿನಲ್ಲಿ ನಿಧಾನವಾಗಿ ಏರುವಾಗ ಚಟಪಟ ಎಂದರೆ, ಇಂಧನ ಸಿಲಿಂಡರಿನೊಳಗೆ ಹದ ತಪ್ಪಿ ಉರಿಯುತ್ತಿದೆ. ಕೆಳ ಗೇರಿಗೆ ಬಂದಾಗ ನಿಂತರೆ ಮೊದಲ ಮದ್ದು ನಮ್ಮ ಅಭ್ಯಾಸ ತಿದ್ದಿಕೊಳ್ಳುವುದೇ. ಆಮೇಲೆ ನೋಡಬೇಕಾದದ್ದು ಇಂಗಾಲದ ಕರಿ, ಸ್ಪಾರ್ಕ್ ಪ್ಲಗ್, ಇಂಜಿನ್ ಬಿಸಿಯೇರಿಕೆ, ಕೆಟ್ಟ ಪೆಟ್ರೋಲ್. ಎಥನಾಲ್ ಬೆರೆಸಿದ ಪೆಟ್ರೋಲಿನಿಂದಲೇ ಹೀಗಾಯಿತು ಎಂದು ಈಗ ಎಲ್ಲದಕ್ಕೂ ಹೇಳುವುದುಂಟು. ಎಥನಾಲ್‌ಗೆ ಆಕ್ಟೇನ್ ಹೆಚ್ಚು, ಈ ಚಟಪಟವನ್ನು ಅದು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಹಳೆಯ ಕಾರಿನ ರಬ್ಬರ್ ಕೊಳವೆ, ಮೈಲೇಜ್ ಇವುಗಳ ಚಿಂತೆ ಬೇರೆ ಮಾತು.

ತಣ್ಣಗಿರುವಾಗ ಮಾತ್ರ ಬರುವ ಟೊಳ್ಳು ಕಟಕಟ: ಹಳೆಯ ಇಂಜಿನ್ನಿನ ಪಿಸ್ಟನ್ ಸಿಲಿಂಡರಿನ ಗೋಡೆಗೆ ತಟ್ಟುವುದು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗಿದಾಗ ಸಂದು ಮುಚ್ಚಿ ಸದ್ದು ಹೋಗುತ್ತದೆ. ಹೊಗೆಯಿಲ್ಲದೆ, ಆಯಿಲ್ ಕುಡಿಯದೆ ಓಡುತ್ತಿದ್ದರೆ ಇಂಥ ಕಾರು ವರ್ಷಗಟ್ಟಲೆ ಓಡೀತು.

ಒರಳಿನಲ್ಲಿ ಒನಕೆ ಕುಟ್ಟಿದ ಹಾಗೆ: ಕೆಳಭಾಗದಿಂದ ಆಳವಾದ ‘ಢಗ್ ಢಗ್’, ಬಿಸಿಯಾದಷ್ಟೂ ಜಾಸ್ತಿ, ಭಾರ ಬಿದ್ದಷ್ಟೂ ಜಾಸ್ತಿ. ಇದು ಕನೆಕ್ಟಿಂಗ್ ರಾಡ್ ಬೇರಿಂಗ್. ಖರ್ಚಿನ ಕೆಲಸ, ಮುಂದೂಡುವಂಥದ್ದಲ್ಲ. ಇಲ್ಲಿಯೂ ಖಚಿತಪಡಿಸಿಕೊಳ್ಳುವ ದಾರಿ ಇದೆ. ಮೆಕ್ಯಾನಿಕ್ ಒಂದೊಂದೇ ಸಿಲಿಂಡರಿನ ಉರಿ ನಿಲ್ಲಿಸಿ ನೋಡುತ್ತಾರೆ. ಯಾವುದನ್ನು ನಿಲ್ಲಿಸಿದಾಗ ಸದ್ದು ತಗ್ಗುತ್ತದೋ ಅಲ್ಲಿದೆ ದೋಷ. ಆಯಿಲ್ ಒತ್ತಡವನ್ನು ಗೇಜ್ ಹಾಕಿ ಅಳೆಯಬಹುದು, ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ ಲೋಹದ ಚೂರಿದೆಯೇ ಎಂದು ನೋಡಬಹುದು.

ಮಳೆಗಾಲದ ಮಾತು

2015ರ ಡಿಸೆಂಬರಿನ ಪ್ರವಾಹ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಎರಡನ್ನೂ ಕಂಡವರಿಗೆ ನೀರಿನಲ್ಲಿ ಮುಳುಗಿದ ಕಾರುಗಳ ಸಾಲು ನೆನಪಿರಬೇಕು. 2024ರ ಅಕ್ಟೋಬರಿನಲ್ಲಿ ಮಳೆಯ ಮುನ್ಸೂಚನೆ ಬಂದ ಕೂಡಲೇ ವೇಳಚೇರಿಯ ಜನ ಕಾರುಗಳನ್ನು ಮೇಲ್ಸೇತುವೆಯ ಮೇಲೆ ತಂದು ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಗಾಳಿ ಎಳೆಯುವ ಕೊಳವೆಯಿಂದ ನೀರು ಸಿಲಿಂಡರಿಗೆ ಹೋದರೆ ಮೇಲೇರುವ ಪಿಸ್ಟನ್ ಅದಕ್ಕೆ ಗುದ್ದಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದು ಆ ಹೊತ್ತಿಗೇ ಮುರಿಯದೆ, ವಾರಗಳ ನಂತರ ಸದ್ದಾಗಿ ಕಾಣಿಸಿಕೊಳ್ಳುವುದೂ ಉಂಟು. ಆದ್ದರಿಂದ ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡೇ ಹೋಗಿ. ಮಳೆಯ ನಂತರ ಸದ್ದು ಶುರುವಾಗಿದ್ದರೆ ಆ ವಿಷಯವನ್ನು ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ. ಸಾಮಾನ್ಯ ವಿಮೆಯಲ್ಲಿ ಇಂಥ ಹಾನಿಗೆ ಪರಿಹಾರ ಸಿಗುವುದು ಕಷ್ಟ. ‘ಇಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ನಿಮ್ಮ ಪಾಲಿಸಿಯಲ್ಲಿದೆಯೇ ಎಂದು ಮಳೆಗಾಲಕ್ಕೆ ಮುನ್ನವೇ ನೋಡಿಕೊಳ್ಳಿ.

ಕಂಪನಿಯ ತಪ್ಪೇ ಇದ್ದರೆ?

ಸದ್ದಿಗೆ ನಾವೂ ಕಾರಣರಲ್ಲ, ಮೆಕ್ಯಾನಿಕ್ ಕೂಡ ಅಲ್ಲ ಎಂಬ ಸಂದರ್ಭವೂ ಇದೆ. ಅಮೆರಿಕದಲ್ಲಿ 2015ರ ಸೆಪ್ಟೆಂಬರಿನಲ್ಲಿ ಹ್ಯೂಂಡೈ ಕಂಪನಿ 2011 ಮತ್ತು 2012ರ ಮಾದರಿಯ ಸುಮಾರು 4,70,000 ಸೊನಾಟಾ ಕಾರುಗಳನ್ನು ರೀಕಾಲ್ ಮಾಡಿತು. ಅಲಬಾಮಾ ಕಾರ್ಖಾನೆಯಲ್ಲಿ ಕ್ರ್ಯಾಂಕ್ ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರುಗಳು ಆಯಿಲ್ ದಾರಿಗೆ ಅಡ್ಡಿಯಾಗಿ ರಾಡ್ ಬೇರಿಂಗ್ ಸವೆಯುತ್ತಿದ್ದವು. ಓಡಿಸುವವರಿಗೆ ಸಿಗುತ್ತಿದ್ದ ಮುನ್ಸೂಚನೆ ಆ ಕುಟ್ಟುವ ಸದ್ದೇ. ಮುಂದೆ ಅದೇ ಕಂಪನಿ, ಇಂಜಿನ್ನಿನ ನಾಕ್ ಸೆನ್ಸರ್ ಬಳಸಿ ಬೇರಿಂಗ್ ಸವೆತದ ಕಂಪನವನ್ನು ಕಾರೇ ಗುರುತಿಸಿ ದೀಪ ಹತ್ತಿಸುವಂಥ ಸಾಫ್ಟ್‌ವೇರ್ ಹಾಕಿತು. ಇದು ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 1998ರಿಂದ ತಯಾರಾದ ನಮ್ಮ ಸಣ್ಣ ಕಾರುಗಳ ವಿಷಯವಲ್ಲ, ಗಾಬರಿ ಬೇಡ. ಆದರೆ ಪಾಠ ಎಲ್ಲರಿಗೂ ಒಂದೇ. ಭಾರತದಲ್ಲಿ 2012ರಿಂದ ಕಂಪನಿಗಳು ತಾವಾಗಿ ರೀಕಾಲ್ ಮಾಡುವ ಪದ್ಧತಿ ಇದೆ, 2021ರ ಏಪ್ರಿಲ್‌ನಿಂದ ಸರ್ಕಾರದ ನಿಯಮವೂ ಇದೆ. ದೊಡ್ಡ ಬಿಲ್ಲಿಗೆ ಒಪ್ಪುವ ಮೊದಲು ಕಾರಿನ ಚಾಸಿ ನಂಬರ್ ಕೊಟ್ಟು, ರೀಕಾಲ್ ಇದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಇದ್ದರೆ ಆ ದುರಸ್ತಿ ಪುಕ್ಕಟೆ.

ಗ್ಯಾರೇಜಿನಲ್ಲಿ ಹೇಗೆ ಮಾತಾಡಬೇಕು

ನಮ್ಮವರ ಕಷ್ಟ ಅರ್ಧ ಭಾಷೆಯದು. ಮುರುಕು ತಮಿಳಿನಲ್ಲಿ ವಾದ ಮಾಡುವುದೇಕೆ ಎಂದು ಸುಮ್ಮನೆ ತಲೆಯಾಡಿಸಿ ಬರುತ್ತೇವೆ. ಎರಡು ವಾಕ್ಯ ಕಲಿತರೆ ಸಾಕು. “ಮುದಲ್ಲ ಕಾರಣಂ ಸೊಲ್ಲುಂಗ, ಅಪ್ಪುರಂ ಪಿರಿಕ್ಕಲಾಂ” ಎಂದರೆ, ಮೊದಲು ಕಾರಣ ಹೇಳಿ, ಆಮೇಲೆ ಬಿಚ್ಚೋಣ. “ಪಳೈಯ ಪಾರ್ಟ್ಸ್ ತಿರುಪ್ಪಿ ಕುಡುಂಗ” ಎಂದರೆ, ಹಳೆಯ ಭಾಗಗಳನ್ನು ವಾಪಸು ಕೊಡಿ. ನಗುನಗುತ್ತಾ ಹೇಳಿ, ಜಗಳದ ದನಿ ಬೇಡ. ಒಳ್ಳೆಯ ಮೆಕ್ಯಾನಿಕ್‌ಗೆ ಇಂಥ ಗಿರಾಕಿ ಇಷ್ಟವೇ ಆಗುತ್ತಾನೆ.

ಚೀಟಿಯನ್ನು ಅವರ ಕೈಗೆ ಕೊಡಿ. ‘ಇಂಜಿನ್ ಕೆಲಸ ಮಾಡಿ’ ಎನ್ನಬೇಡಿ, ‘ಸದ್ದಿನ ಕಾರಣ ಹುಡುಕಿ’ ಎನ್ನಿ. ಹುಡುಕುವ ಕೆಲಸಕ್ಕೂ ಕೂಲಿ ಕೊಡಲು ಹಿಂದೆಮುಂದೆ ನೋಡಬೇಡಿ. ಪುಕ್ಕಟೆ ಪರೀಕ್ಷೆಯ ಖರ್ಚು ಆಮೇಲೆ ಬಿಲ್ಲಿನಲ್ಲಿ ಬೇರೆ ಹೆಸರಿನಲ್ಲಿ ಬರಬಹುದು. ಸ್ಕ್ಯಾನರ್ ಹಾಕಿದರೆ ಬಂದ ಕೋಡ್ ಬರೆದುಕೊಳ್ಳಿ. ಪಿ0016 ಬಂದರೆ ಕ್ಯಾಮ್ ಮತ್ತು ಕ್ರ್ಯಾಂಕಿನ ಹೊಂದಾಣಿಕೆ ತಪ್ಪಿದೆ, ಆಗ ಚೈನ್ ಮೇಲಿನ ಅನುಮಾನಕ್ಕೆ ಆಧಾರ ಸಿಕ್ಕಿತು. ಪಿ0300 ಬಂದರೆ ಸಿಲಿಂಡರುಗಳು ಸರಿಯಾಗಿ ಉರಿಯುತ್ತಿಲ್ಲ. ಆದರೆ ಸ್ಕ್ಯಾನರಿಗೆ ಕಿವಿಯಿಲ್ಲ. ಸಡಿಲ ತಗಡಿಗೂ ಸವೆದ ರಾಟೆಗೂ ಅದರಲ್ಲಿ ಕೋಡ್ ಇಲ್ಲ.

ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಭಾಗದ ಬೆಲೆ, ಕೂಲಿ ಬೇರೆ ಬೇರೆ ಇರಲಿ. ಬಿಡಿಭಾಗದ ಬೆಲೆಯಲ್ಲಿ ಅನುಮಾನ ಬಂದರೆ ಮೌಂಟ್ ರೋಡ್ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಪುದುಪೇಟೆಯ ಹಳೆಯ ಸಾಮಾನು ಬಾಗಿಲು, ಕನ್ನಡಿಗೆ ಸರಿ. ಬೇರಿಂಗ್, ಚೈನ್, ಟೆನ್ಷನರ್ ಮಾತ್ರ ಹೊಸದೇ ಇರಲಿ. ಐದಂಕಿಯ ಬಿಲ್ ಆದರೆ ಇನ್ನೊಂದು ಗ್ಯಾರೇಜಿನ ಅಭಿಪ್ರಾಯ ಕೇಳುವುದರಲ್ಲಿ ಅವಮಾನವಿಲ್ಲ.

ಮೋಸವಾಯಿತೆಂದು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಆಗ ಕೈಹಿಡಿಯುವುದು ಆ ಬರಹದ ಅಂದಾಜು, ಬಿಲ್ ಮತ್ತು ಹಳೆಯ ಭಾಗಗಳೇ.

ಆ ಕಾರಿಗೆ ಏನಾಯಿತು?

ಮರುದಿನ ನನ್ನಾಕೆ ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ನಂಗನಲ್ಲೂರಿನ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆ. ಅವರು ಚೀಟಿ ಓದಿದರು. ಆಯಿಲ್ ಕಡ್ಡಿ ನೋಡಿದರು. ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸಿದರು, ಸದ್ದು ಹಾಗೇ ಇತ್ತು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಹಚ್ಚಿ, ತುದಿಯನ್ನು ಚೈನ್ ಕವರಿನ ಮೇಲಿಟ್ಟು ಕೇಳಿದರು. “ಇಂಗೆ ಇಲ್ಲೆ” ಎಂದರು. ಆಮೇಲೆ ಒಂದು ಮರದ ಕೋಲು ತಂದು ಸೈಲೆನ್ಸರ್ ಮೇಲಿನ ತಗಡನ್ನು ಒತ್ತಿ ಹಿಡಿದರು. ಸದ್ದು ನಿಂತಿತು. ಕೋಲು ತೆಗೆದರು, ಬಂತು. ಮತ್ತೆ ಒತ್ತಿದರು, ನಿಂತಿತು.

ತುಕ್ಕು ತಿಂದ ಎರಡು ಬೋಲ್ಟು. ಹೊಸ ಬೋಲ್ಟು, ಒಂದು ಸ್ಟೀಲ್ ಕ್ಲ್ಯಾಂಪ್, ಅವರ ಕೂಲಿ ಎಲ್ಲ ಸೇರಿ 350 ರೂಪಾಯಿ. ನಾನು 500ರ ನೋಟು ಕೊಟ್ಟು ಚಿಲ್ಲರೆ ಬೇಡ ಅಣ್ಣೇ ಎಂದೆ. ಅವರು ಎಣಿಸಿ 150 ವಾಪಸು ಕೊಟ್ಟರು.

ಮೊದಲ ಗ್ಯಾರೇಜಿನವರು ಮೋಸಗಾರರೆಂದು ನಾನು ಹೇಳಲಾರೆ. ಬಹುಶಃ ಹಿಂದಿನ ವಾರ ಅವರ ಬಳಿ ನಿಜವಾಗಿಯೂ ಚೈನ್ ಸಡಿಲವಾದ ಕಾರೊಂದು ಬಂದಿರಬಹುದು. ಅವರು ಹುಡುಕಲಿಲ್ಲ, ಊಹಿಸಿದರು ಅಷ್ಟೇ. ಅವರ ಊಹೆಗೆ ನಾನು 48 ಸಾವಿರ ತೆರಬೇಕಿತ್ತು.

ಅದೇ ಕಾರಿನಲ್ಲಿ ಮೈಸೂರಿಗೆ ಹೋಗಿಬಂದೆವು. ಮದುಮಗಳಿಗೆ ಅಂದುಕೊಂಡ ಉಡುಗೊರೆಯನ್ನೇ ಕೊಟ್ಟೆವು. ದಾರಿಯುದ್ದಕ್ಕೂ ನನ್ನಾಕೆ ಮಾತ್ರ ರೇಡಿಯೋ ಹಾಕಲು ಬಿಡಲಿಲ್ಲ. “ಸುಮ್ನಿರಿ, ಸದ್ದು ಕೇಳ್ತಾ ಇದೀನಿ” ಎನ್ನುತ್ತಿದ್ದಳು.

ಕೇಳುಗ ಮಿತ್ರರೇ, ಈ ಭಾನುವಾರ ಬೆಳಗ್ಗೆ ಕಾಫಿ ಕುಡಿದ ಮೇಲೆ ಒಮ್ಮೆ ಆಯಿಲ್ ಕಡ್ಡಿ ಎಳೆದು ನೋಡಿ. ಉಳಿದದ್ದು ಆಮೇಲೆ.